ಚುಕ್ಕೆ ತಿದ್ದುವ ಕೋಣೆಗೆ ಹೊಸ ಪೆಟ್ಟಿಗೆ

ಆ ಮಧ್ಯಾಹ್ನ ಡಿಸೈನ್ ಕೋಣೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಇದ್ದ ಒಂದೇ ಒಳ್ಳೆಯ ಕುರ್ಚಿಯಲ್ಲಿ ಮಗ್ಗದ ಯಜಮಾನರು. ಬೆಂಗಳೂರಿನಿಂದ ಹೊಸ ಕಂಪ್ಯೂಟರ್ ತಂದಿದ್ದ ಅಂಗಡಿಯವನು ಮೇಜಿನ ಕೆಳಗೆ ಮಂಡಿಯೂರಿ ವೈರು ಸಿಕ್ಕಿಸುತ್ತಿದ್ದ. ಕಿಟಕಿಯ ಪಕ್ಕ ಅಕ್ಕ. ಬಾಗಿಲಿಗೆ ಒರಗಿಕೊಂಡು ನಾನು. ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ಸೀರೆ ನೇಯುವ ಮನೆ ಅದು. ಕೆಳಗೆ ವಿದ್ಯುತ್ ಮಗ್ಗಗಳು, ಮೇಲೆ ನಮ್ಮ ಕೋಣೆ. ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾಗಿ ಹೆಚ್ಚು ಕಾಲವಾಗಿರಲಿಲ್ಲ. ಮಗ್ಗದ ಲಟಪಟದ ನಡುವೆಯೂ ಒಮ್ಮೊಮ್ಮೆ ಆ ಮೊರೆತ ತಲೆಯ ಮೇಲೆ ಹಾದುಹೋಗುವುದು. ಯಾರೂ ತಲೆ ಎತ್ತಿ ನೋಡುವುದನ್ನು ಆಗಲೇ ಬಿಟ್ಟಿದ್ದೆವು.

ಅಕ್ಕ ನನಗೆ ರಕ್ತಸಂಬಂಧಿಯಲ್ಲ. ಸೂಲಿಬೆಲೆಯವಳು. ದಿನಾ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಇಡೀ ಮಗ್ಗದ ಮನೆಯೇ ಅವಳನ್ನು ಅಕ್ಕ ಅನ್ನುತ್ತಿತ್ತು, ಯಜಮಾನರೊಬ್ಬರನ್ನು ಬಿಟ್ಟು. ಅವಳ ಕೆಲಸ ಏನೆಂದರೆ ಚುಕ್ಕೆ ತಿದ್ದುವುದು. ಸೀರೆಯ ಅಂಚಿನ ಚಿತ್ರವನ್ನು ಸ್ಕ್ಯಾನ್ ಮಾಡಿದಾಗ ಬೇಡದ ಚುಕ್ಕೆಗಳು ಬಂದು ಕೂರುತ್ತವೆ, ಬೇಕಾದವು ಅಳಿಸಿಹೋಗಿರುತ್ತವೆ. ಪರದೆಯ ಮೇಲಿನ ಒಂದೊಂದು ಚುಕ್ಕೆಯೂ ಕೆಳಗೆ ಮಗ್ಗದಲ್ಲಿ ಒಂದು ಎಳೆ. ಇಲ್ಲಿ ಒಂದು ತಪ್ಪಿದರೆ ಅಲ್ಲಿ ಪ್ರತಿ ಸೀರೆಯಲ್ಲೂ ಅದೇ ತಪ್ಪು. ಅಕ್ಕ ಒಂದೊಂದನ್ನೇ ಹುಡುಕಿ ತೆಗೆಯುತ್ತಿದ್ದಳು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಅವಳು ಹಸನು ಮಾಡಿದ್ದಕ್ಕೆ ನೇಯ್ಗೆಯ ಲೆಕ್ಕ ಕೂರಿಸಿ, ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ಹೇಳುವ ರಟ್ಟಿನ ಕಾರ್ಡಿಗೆ ತೂತು ಕೊರೆಯಲು ಕಳಿಸುವುದು ನನ್ನ ಪಾಲು.

ಹಳೆಯ ಕಂಪ್ಯೂಟರಿಗೆ ಒಂದು ಕೆಲಸ ಹೇಳಿದರೆ ರುಬ್ಬುವ ಕಲ್ಲಿನ ಹಾಗೆ ಗುರುಗುಟ್ಟುತ್ತಾ ಕೂರುತ್ತಿತ್ತು. ಆ ಹೊತ್ತಿನಲ್ಲಿ ನಾವು ಹುರಿಗಾಳು ತಿನ್ನುತ್ತಿದ್ದೆವು, ಊರವರ ಸುದ್ದಿ ಆಡುತ್ತಿದ್ದೆವು. ಅಕ್ಕ ತನ್ನ ನಾದಿನಿಯ ಹಾಗೆ ಮಾತಾಡಿ ತೋರಿಸಿ ನನ್ನನ್ನು ನಗಿಸಿ ನಗಿಸಿ ಸುಸ್ತು ಮಾಡುವಳು. ಆದರೆ ಸಂಜೆ ಆ ಪೆಟ್ಟಿಗೆ ಹಟ ಹಿಡಿದು ಕೂತಿತೆಂದರೆ ಅವಳ ಬಸ್ಸು ತಪ್ಪುತ್ತಿತ್ತು. ಮಗಳು ಶಾಲೆಯಿಂದ ಬಂದು ಪಕ್ಕದ ಮನೆಯ ಜಗಲಿಯಲ್ಲಿ ಅಮ್ಮನ ದಾರಿ ಕಾಯುತ್ತಿರುತ್ತಿದ್ದಳು. ಗಂಡ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದ. ಅದು ಮನೆಯ ಊಟಕ್ಕಾಯಿತು. ಮಗಳನ್ನು ಓದಿಸುತ್ತಿದ್ದದ್ದು ಅಕ್ಕನ ಸಂಬಳ.

ಹಾಗಾಗಿ ಹೊಸ ಕಂಪ್ಯೂಟರ್ ಬೇಕೆಂದು ಯಜಮಾನರ ಬೆನ್ನು ಹತ್ತಿದವಳು ಅಕ್ಕನೇ.

"ಯಜಮಾನ್ರೇ, ಇದು ಮುದಿ ಎತ್ತು ಇದ್ದಂಗೈತೆ. ಏಳು ಅಂದ್ರೆ ಏಳಲ್ಲ, ನಡಿ ಅಂದ್ರೆ ಮಲಗ್ತೈತೆ. ಹೊಸಾದು ತರ್ಸಿ."

"ನೀನೇ ಹೊಡ್ಕೊಂಡು ಹೋಗಮ್ಮ ಸಂತೆಗೆ," ಎಂದು ಅವರು ನಕ್ಕು ಹೊರಟುಹೋಗುತ್ತಿದ್ದರು.

ಕಡೆಗೆ ಅವರ ಮನಸ್ಸು ತಿರುಗಿಸಿದ್ದು ಅಕ್ಕನ ಮಾತಲ್ಲ. ನಾವು ಬಳಸುತ್ತಿದ್ದ ಡಿಸೈನ್ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು, ಅದು ಹಳೆಯ ಪ್ರೊಸೆಸರಿನಲ್ಲಿ ನಡೆಯುವುದಿಲ್ಲ ಎಂದು ಅಂಗಡಿಯವನು ಫೋನಿನಲ್ಲಿ ಹೇಳಿದ. ನಾಲ್ಕು ಕೋರಿನ ಹೊಸದು ಮಾರುಕಟ್ಟೆಗೆ ಬಂದಿದೆ, ಸೂರತ್ತಿನವರು ಆಗಲೇ ಹಾಕಿಸಿಕೊಂಡಿದ್ದಾರೆ ಎಂದ. ಅಗ್ಗದ ಸೀರೆ ಕಳಿಸಿ ನಮ್ಮ ಗಿರಾಕಿಗಳನ್ನು ಕಿತ್ತುಕೊಳ್ಳುತ್ತಿದ್ದ ಸೂರತ್ತು ಅಂದರೆ ನಮ್ಮ ಯಜಮಾನರಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಅವನು ಪೆಟ್ಟಿಗೆ ಹೊತ್ತು ತಂದದ್ದು ನವರಾತ್ರಿಗೆ ಸ್ವಲ್ಪ ಮುಂಚೆ. ಕಪ್ಪು ಬಣ್ಣ, ಒಂದು ಚಿಕ್ಕ ಬೀರುವಿನಷ್ಟು ಎತ್ತರ. ಸ್ವಿಚ್ಚು ಹಾಕಿದ. ಸದ್ದೇ ಇಲ್ಲ.

"ಆನ್ ಆಯ್ತಾ?" ಎಂದೆ ನಾನು.

"ಆಗೋಯ್ತು ಗುರು. ಹಳೇದ್ರ ಥರ ಕೂಗಾಡಲ್ಲ ಇದು."

"ನಾಲ್ಕು ಕೋರು ಅಂದ್ಯಲ್ಲ, ಹಂಗಂದ್ರೇನಪ್ಪಾ?" ಯಜಮಾನರು ಕೇಳಿದರು.

"ಸಾರ್, ಒಬ್ಬ ಆಳು ಮಾಡೋ ಜಾಗದಲ್ಲಿ ನಾಲ್ಕು ಜನ ಕೂತ್ಕೊಂಡಂಗೆ. ಅದೂ ಜಗಳ ಇಲ್ಲ, ಕಾಫಿ ಕೇಳಲ್ಲ."

"ರಜೆ?"

"ಕರೆಂಟು ಹೋದ್ರೆ ಅಷ್ಟೇ ಸಾರ್."

ಅಕ್ಕ ನಕ್ಕಳು. "ನಮ್ಮೂರಲ್ಲಿ ಆದ್ರೆ ದಿನಾ ರಜೆ ಬಿಡು ಇದ್ಕೆ."

ಅಂಗಡಿಯವನು ಏನಾದರೂ ಚಿತ್ರ ಕೊಡಿ, ತೋರಿಸ್ತೀನಿ ಎಂದ. ಅಕ್ಕ ಆ ವಾರವೆಲ್ಲ ತಿದ್ದುತ್ತಿದ್ದ ಗಂಡಭೇರುಂಡದ ಅಂಚು ಇತ್ತು. ತಿದ್ದಿದ್ದಲ್ಲ, ಅದರ ಮೂಲ ಸ್ಕ್ಯಾನನ್ನೇ ಅವಳು ಅವನಿಗೆ ಕೊಟ್ಟಳು. "ಇದ್ರಲ್ಲಿ ಕಸ ಜಾಸ್ತಿ ಐತೆ, ಇದ್ರಲ್ಲೇ ನೋಡು," ಎಂದಳು. ಹೇಳಿ, ಫ್ಲಾಸ್ಕಿನಿಂದ ಎಲ್ಲರಿಗೂ ಚಹಾ ಬಗ್ಗಿಸಲು ತಿರುಗಿದಳು.

ನಾನು ಪರದೆ ನೋಡುತ್ತಿದ್ದೆ. ಚುಕ್ಕೆಗಳು ಮೊದಲು ಮೂಲೆಯಿಂದ ಮಾಯವಾದವು, ಆಮೇಲೆ ಹಕ್ಕಿಯ ರೆಕ್ಕೆಯಿಂದ. ಇರುವೆ ಸಾಲನ್ನು ಯಾರೋ ಒರೆಸಿದ ಹಾಗೆ. ಹರಿದಿದ್ದ ಗೆರೆಗಳು ತಾವೇ ಕೂಡಿಕೊಂಡವು. ಎರಡು ತಲೆ, ಕಣ್ಣು, ಕೊಕ್ಕು, ಎಲ್ಲ ಸರಿಯಾಗಿ ಬಂದು ನಿಂತವು. ಅಕ್ಕ ಲೋಟ ಹಿಡಿದು ತಿರುಗುವಷ್ಟರಲ್ಲಿ ಮುಗಿದಿತ್ತು.

ಅವಳು ಲೋಟಗಳನ್ನು ಕೆಳಗಿಟ್ಟು ಪರದೆಯ ಹತ್ತಿರ ಬಗ್ಗಿದಳು. ತುಂಬ ಹೊತ್ತು ನೋಡಿದಳು.

"ಕಸ ಎಲ್ಲೂ ಇಲ್ವಲ್ಲ," ಎಂದಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, "ಒಳ್ಳೇದಾಯ್ತು ಬಿಡು. ಇವತ್ತು ಮೂರು ಗಂಟೆ ಬಸ್ಸಿಗೇ ಹೋಗ್ಬೋದು ನಾನು."

"ಹೋಗಮ್ಮ," ಎಂದರು ಯಜಮಾನರು.

ತಮಾಷೆಗೆ ತಮಾಷೆಯ ಉತ್ತರ ಬರಬೇಕಾಗಿತ್ತು. ಅದು ತಮಾಷೆಯಾಗಿ ಕೇಳಿಸಲಿಲ್ಲ. ಅವರು ಪರದೆಯ ಕಡೆಯಿಂದ ಕಣ್ಣು ಕಿತ್ತಿರಲಿಲ್ಲ. ಅಂಗಡಿಯವನು ಚಹಾ ಹೀರುತ್ತಾ, "ಇದಿನ್ನೂ ಏನಿಲ್ಲ ಸಾರ್, ಮುಂದಿನ ವರ್ಷ ಬರೋದು ಇದ್ರಪ್ಪ. ಆಮೇಲಾಮೇಲೆ ಇಷ್ಟು ದೊಡ್ಡ ಪೆಟ್ಟಿಗೆನೂ ಬೇಕಾಗಲ್ಲ, ತೊಡೆ ಮೇಲಿಟ್ಕೊಂಡು ಮಾಡ್ಬೋದು," ಎಂದ.

ಅಕ್ಕ ಆ ದಿನ ಬೇಗ ಹೋದಳು. ಮರುದಿನವೂ ಬೇಗ ಹೋದಳು. ಮಗಳ ಜೊತೆ ಹಗಲು ಬೆಳಕಿನಲ್ಲೇ ಸಾರು ಮಾಡಿದೆ ಎಂದು ಖುಷಿಯಿಂದ ಹೇಳಿದಳು. ಮೂರನೆಯ ದಿನ ಮಧ್ಯಾಹ್ನ ಅವಳಿಗೆ ಮಾಡಲು ಏನೂ ಇರಲಿಲ್ಲ. ಹಳೆಯ ಡಿಸೈನುಗಳನ್ನು ತೆಗೆದು, ಮೊದಲೇ ಚೊಕ್ಕವಾಗಿದ್ದವನ್ನು ಮತ್ತೆ ಮತ್ತೆ ನೋಡುತ್ತಾ ಕೂತಳು. ಕೋಣೆಯಲ್ಲಿ ಮಾತು ಕಡಿಮೆಯಾಯಿತು. ಗುರುಗುಟ್ಟುವ ಸದ್ದಿಲ್ಲದೆ, ಮಾತಾಡಲು ಬಿಡುವು ಯಾವಾಗ ಎಂದೇ ತಿಳಿಯುತ್ತಿರಲಿಲ್ಲ.

"ಲೇ," ಎಂದಳು ಒಂದು ಸಲ, ತಲೆ ಎತ್ತದೆ. "ನಂಗೆ ನಿನ್ ಕೆಲ್ಸ ಹೇಳ್ಕೊಡ್ತೀಯೇನೋ?"

"ಅದಕ್ಕೇನಕ್ಕ, ಹಬ್ಬ ಮುಗೀಲಿ, ಕೂತ್ಕೊಳಣ."

"ಹಬ್ಬ ಮುಗೀಲಿ," ಎಂದಳು ಅವಳೂ.

ಆಯುಧಪೂಜೆಯ ದಿನ ಮಗ್ಗಗಳೆಲ್ಲ ನಿಂತವು. ವರ್ಷದಲ್ಲಿ ಆ ಮನೆ ಅಷ್ಟು ನಿಶ್ಶಬ್ದವಾಗುವುದು ಆ ಒಂದು ದಿನ. ಬಾಳೆಕಂದು, ಚೆಂಡುಹೂವು, ಬೂದುಗುಂಬಳ. ಹೊಸ ಕಂಪ್ಯೂಟರಿಗೆ ವಿಭೂತಿ ಹಚ್ಚಿ ಹೂ ಏರಿಸಿದವಳು ಅಕ್ಕ. "ಗಾಳಿ ಬರೋ ಕಡೆ ಕುಂಕುಮ ಬೀಳ್ದಂಗೆ ನೋಡ್ಕೋ," ಎಂದು ನನಗೇ ಎಚ್ಚರಿಕೆ ಹೇಳಿದಳು. ಪೂಜೆಯಾದ ಮೇಲೆ ಎಲ್ಲರಿಗೂ ಕಡ್ಲೆಪುರಿ, ಸಿಹಿ. ಗಂಡಾಳುಗಳಿಗೆ ಪಂಚೆ, ಹೆಣ್ಣಾಳುಗಳಿಗೆ ರವಿಕೆ ಕಣ. ಪ್ರತಿವರ್ಷದ ಪದ್ಧತಿ ಅದು.

ಎಲ್ಲರೂ ಇಸಕೊಂಡಾದ ಮೇಲೆ ಯಜಮಾನರ ಹೆಂಡತಿ ಒಳಗಿನಿಂದ ಚಾಪೆ ತರಿಸಿದರು. "ಬಾರಮ್ಮ, ಕೂತ್ಕೋ," ಎಂದು ಅಕ್ಕನನ್ನು ಕರೆದು ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಅರಿಶಿನ ಕುಂಕುಮ ಕೊಟ್ಟರು. ಅಕ್ಕ ಅಭ್ಯಾಸದಿಂದ ಸೆರಗು ಒಡ್ಡಿದಳು. ಅದರಲ್ಲಿ ಅವರು ರೇಷ್ಮೆ ಸೀರೆ ಇಟ್ಟರು, ನಮ್ಮ ಮಗ್ಗದ್ದೇ. ಆಮೇಲೆ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ, ಎಲೆಯಡಿಕೆ, ಬಳೆ. ಮಡಿಲು ತುಂಬಿದರು.

ತವರಿನಿಂದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಾಡುವ ಶಾಸ್ತ್ರ ಅದು. ಕೆಲಸದ ಮನೆಯಲ್ಲಿ ಯಾರಿಗೂ ಯಾವ ಹಬ್ಬಕ್ಕೂ ಅದನ್ನು ಮಾಡಿದ್ದು ನಾನು ಕಂಡಿರಲಿಲ್ಲ. ಒಬ್ಬ ಅಜ್ಜಿ ಕಡ್ಲೆಪುರಿ ಅಗಿಯುವುದನ್ನು ನಿಲ್ಲಿಸಿದಳು.

ಅಕ್ಕ ಮಡಿಲನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಮೆತ್ತಗೆ ಕೇಳಿದಳು:

"ಕಳಿಸ್ತಾ ಇದೀರಾ ಅಮ್ಮ?"

"ಹಂಗ್ಯಾಕಂತೀಯ. ಮಗಳಿದ್ದಂಗೆ ನೀನು. ಯಾವಾಗ ಬೇಕಾದ್ರೂ ಬಾ, ಉಂಡ್ಕೊಂಡು ಹೋಗು." ಹೇಳುತ್ತಾ ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅದು ನಾಟಕವಲ್ಲ.

ಯಜಮಾನರು ಬಾಗಿಲ ಹತ್ತಿರ ನಿಂತು ತೋರಣ ಸರಿ ಮಾಡುತ್ತಿದ್ದರು. ಬಾಯಿ ಬಿಟ್ಟು ಕೆಲಸ ಇಲ್ಲ ಎಂದಿದ್ದರೆ ಅಕ್ಕ ಜಗಳ ಆಡುತ್ತಿದ್ದಳು, ಅದರಲ್ಲಿ ನನಗೆ ಅನುಮಾನವಿಲ್ಲ. ಬೇರೆ ಕೆಲಸ ಕಲಿತೀನಿ ಕೊಡಿ ಎಂದು ಕೇಳುತ್ತಿದ್ದಳು. ಮಗಳ ಓದಿನ ಮಾತು ಎತ್ತುತ್ತಿದ್ದಳು. ಆದರೆ ತುಂಬಿದ ಮಡಿಲನ್ನು ಯಾವ ಹೆಂಗಸು ಕೊಡವಿ ಎದ್ದಾಳು? ಅದನ್ನು ಬೇಡ ಅನ್ನುವ ಮಾತು ನಮ್ಮಲ್ಲಿ ಇಲ್ಲ. ಅವಳು ಅಮ್ಮನವರ ಕಾಲು ಮುಟ್ಟಿದಳು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಎದ್ದಳು, ಒಂದು ಕಾಳೂ ಕೆಳಗೆ ಬೀಳದ ಹಾಗೆ.

ಬಸ್‌ಸ್ಟ್ಯಾಂಡಿನವರೆಗೆ ನಾನು ಜೊತೆಗೆ ಹೋದೆ. ಬಸ್ಸುಗಳಿಗೂ ಹೂವು ಕಟ್ಟಿದ್ದರು. ಅವಳು ಕಿಟಕಿಯ ಪಕ್ಕ ಕೂತು ಮಡಿಲಿನಿಂದ ಬೆಲ್ಲದ ಚೂರು ಮುರಿದು ನನ್ನ ಕೈಗೆ ಹಾಕಿದಳು.

"ನಾನೇ ತರ್ಸಿದ್ದು ಕಣೋ ಆ ಪೆಟ್ಟಿಗೇನ," ಎಂದಳು. "ನೀನು ಹುಷಾರಾಗಿರು."

ಅಕ್ಕ ಊರಿನಲ್ಲಿ ಸೀರೆಗಳಿಗೆ ಕುಚ್ಚು ಕಟ್ಟುವ ಕೆಲಸ ಹಿಡಿದಳು. ಮಗಳ ಓದು ಹತ್ತನೆಯ ಕ್ಲಾಸಿಗೆ ನಿಂತಿತು. ಅದಾಗಿ ಎರಡು ಯುಗಾದಿ ಕಳೆದ ಮೇಲೆ ಯಜಮಾನರು ಒಂದು ಲ್ಯಾಪ್‌ಟಾಪ್ ಕೊಂಡರು. ಅದರಲ್ಲಿ ನೇಯ್ಗೆಯ ಲೆಕ್ಕ ಕೂರಿಸುವುದನ್ನು ಅವರ ಸೊಸೆಗೆ ನಾನೇ ಹೇಳಿಕೊಟ್ಟೆ. ಆಕೆಗೆ ಕೈ ಕುದುರಿದ ವಾರ ಯಜಮಾನರು ಮೇಲಕ್ಕೆ ಬಂದು, ನನ್ನ ಹತ್ತಿರವಿದ್ದ ಕೋಣೆಯ ಬೀಗದ ಕೈ ಕೇಳಿ ಇಸಕೊಂಡರು.