ಪತ್ರಿಕೆಯಲ್ಲಿ ಬಂದ ಕೈ

ಜಡೆ ಅರ್ಧ ಹೆಣೆದಾಗಿದೆ. ಅಷ್ಟರಲ್ಲಿ ಮಗಳು ತಲೆ ಕೊಸರಿಕೊಂಡು, "ಸಾಕು, ನಾನೇ ಹಾಕ್ಕೋತೀನಿ" ಎಂದು ಬಾಗಿಲ ಕಡೆ ಸರಿಯುತ್ತಾಳೆ. ಬಾಚಣಿಗೆ ಅಮ್ಮನ ಕೈಯಲ್ಲೇ ಉಳಿಯುತ್ತದೆ. ಭಾನುವಾರದಿಂದ ಹೀಗೇ.

ಇನ್ನು ವಾಸಿಯಾಗದು ಎಂದು ಆಸ್ಪತ್ರೆಗಳು ಕೈಬಿಟ್ಟವರ ಆರೈಕೆ ಮನೆಯೊಂದರಲ್ಲಿ ಈ ತಾಯಿ ಆಯಾ. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಮೈ ಒರೆಸುವುದು, ನೀರು ನುಂಗಲಾರದವರ ತುಟಿಗೆ ಒದ್ದೆ ಹತ್ತಿ ಒತ್ತುವುದು ಆಕೆಯ ಕೆಲಸ. ಅಲ್ಲಿ ಎಲ್ಲರಿಗೂ ಆಕೆ 'ಬಿಸಿಯಕ್ಕ'. ಬಿಸಿನೀರಿನಲ್ಲಿ ಕೈ ಅದ್ದಿ ಒರೆಸಿಕೊಳ್ಳದೆ ಯಾರನ್ನೂ ಮುಟ್ಟುವುದಿಲ್ಲ.

"ನೋವಲ್ಲಿರೋರ ಮೇಲೆ ತಣ್ಣನೆ ಕೈ ಇಟ್ರೆ ಬೆಚ್ಚಿಬೀಳ್ತಾರೆ. ಪಾಪ, ಬೈಯೋಕೂ ತ್ರಾಣ ಇರಲ್ಲ."

ಕಿಟಕಿ ಪಕ್ಕದ ಮಂಚದಲ್ಲಿದ್ದ ದರ್ಜಿ ತಾತನಿಗೆ ಮಾತ್ರ ಕಡೆಯವರೆಗೂ ಬಾಯಿತ್ತು. "ಏನಮ್ಮಾ, ನನ್ನ ಬಸ್ಸು ಇನ್ನೂ ಬರ್ಲಿಲ್ವಾ?" ಎನ್ನುತ್ತಿದ್ದರು.

"ಬರತ್ತೆ ಬಿಡಿ ತಾತ. ಮೊದಲು ಬಾಯಿ ತೆಗೀರಿ."

ಆರೈಕೆ ಮನೆಯ ಬಗ್ಗೆ ಬರೆಯುತ್ತೇವೆಂದು ಪತ್ರಿಕೆಯವರು ಬಂದದ್ದು ಆಗಲೇ. ತಾತನ ತುಟಿ ಒದ್ದೆ ಮಾಡುತ್ತಿದ್ದ ಆಕೆಯ ಕೈಯನ್ನು ಫೋಟೊ ತೆಗೆದುಕೊಂಡು ಹೋದರು. ಅದೇ ವಾರ ತಾತ ತೀರಿಕೊಂಡರು. ಭಾನುವಾರ ಫೋಟೊ ಬಂತು, ದಯಾಮರಣದ ಚರ್ಚೆಯ ಪುಟದಲ್ಲಿ. ಹತ್ತಿ ಕಾಣದಂತೆ ಕತ್ತರಿಸಿದ ಚಿತ್ರ: ಒಂದು ತೆರೆದ ಬಾಯಿ, ಅದರ ಮೇಲೊಂದು ಕೈ. ಮೇಲೆ ದಪ್ಪ ಅಕ್ಷರದಲ್ಲಿ, 'ಸಾಯಲು ನೆರವಾಗುವುದು ಕೊಲೆಯೇ?'

ಮುಖವಿಲ್ಲದ ಆ ಚಿತ್ರದಲ್ಲಿ ಮಣಿಕಟ್ಟಿನ ಸುಟ್ಟ ಕಲೆಯನ್ನು ಗುರುತು ಹಿಡಿದವಳು ಮಗಳು. ಪುಟ ಮಡಚಿಟ್ಟವಳು ಮತ್ತೆ ಆ ಮಾತೇ ಎತ್ತಿಲ್ಲ.

"ಪೇಪರ್‌ನೋರಿಗೆ ಸಾವು ಅಂದ್ರೆ ಒಂದೋ ಕೋರ್ಟು, ಇಲ್ಲಾ ಇಂಜೆಕ್ಷನ್ನು. ಮಧ್ಯದಲ್ಲಿ ನಾವು ಬೆನ್ನು ಒರೆಸ್ತಾ ಇರ್ತೀವಲ್ಲ, ಅದು ಕಣ್ಣಿಗೇ ಬೀಳಲ್ಲ" ಎಂದು ಆರೈಕೆ ಮನೆಯ ನರ್ಸು ರೇಗುತ್ತಾರೆ.

ಬಿಸಿಯಕ್ಕ ರೇಗುವುದಿಲ್ಲ. "ಸುಳ್ಯಾಕೆ ಹೇಳ್ಲಿ, ಮುಗಿಸಿಬಿಡು ಅಂತ ತಾತ ಕೈ ಹಿಡ್ಕೊಂಡು ಕೇಳಿದ್ರು. ಓಡಿಹೋಗಿ ನರ್ಸನ್ನ ಕರೆದೆ, ನೋವಿನ ಔಷಧ ಕೊಟ್ರು. ಸ್ವಲ್ಪ ಹೊತ್ತಿಗೆ ತಾತಾನೇ ರೇಡಿಯೋ ಹಾಕು ಅಂದ್ರು. ಇದನ್ನೆಲ್ಲ ಮಗೂಗೆ ಹೆಂಗೆ ಹೇಳೋದು? ಪೇಪರ್‌ನೋರು ತಪ್ಪಾಯ್ತು ಅನ್ನೋದೇನೂ ಬೇಡ. ಇವಳು ತಲೆ ಬಾಚಿಸ್ಕೊಂಡ್ರೆ ಸಾಕು."

ಬಾಚಣಿಗೆ ಕೆಳಗಿಟ್ಟು, ಒಲೆಯ ಮೇಲಿನ ಬಿಸಿನೀರನ್ನು ಬಟ್ಟಲಿಗೆ ಬಗ್ಗಿಸಿ, ಕೈ ಅದ್ದಿ, ಸೆರಗಿಗೆ ಒರೆಸಿಕೊಳ್ಳುತ್ತಾಳೆ.

"ಬಾ ಕಂದಾ. ಅರ್ಧ ಜಡೇಲಿ ಸ್ಕೂಲಿಗೆ ಹೋದ್ರೆ ನಗ್ತಾರೆ."

ಮಗಳು ಬರುತ್ತಾಳೆ, ಕೂರುವುದಿಲ್ಲ. ಸುಟ್ಟ ಕಲೆಯನ್ನೇ ನೋಡುತ್ತಾ ನಿಲ್ಲುತ್ತಾಳೆ.

"ಅಮ್ಮಾ, ಆ ತಾತನ್ನ ನೀನೇ ಸಾಯಿಸಿದ್ಯಾ?"