ಗೇಟಿನಾಚೆ ನಿಂತು ನಿಜ ಹೇಳುವ ದೋಬ್ರಿಲಾ

ಮಂಗಳವಾರ, ಬೆಳಗಿನ ಐದೂ ಮುಕ್ಕಾಲು. ಬೆಲಿ ಬ್ರೋದ್ ಪಟ್ಟಣದ ದೊಡ್ಡಾಸ್ಪತ್ರೆಯ ಗೇಟಿನೆದುರು ಮೊದಲ ಬಸ್ಸು ಬಂದು ನಿಲ್ಲುತ್ತದೆ. ದಾದಿಯರು, ನೆಲ ಒರೆಸುವವರು, ಅಡುಗೆಮನೆಯವರು ಇಳಿದು ಸರಸರನೆ ಒಳಗೆ ಹೋಗುತ್ತಾರೆ. ಕೊನೆಗೆ ಇಳಿದ ಹೆಂಗಸೊಬ್ಬಳು ಮಾತ್ರ ಗೇಟಿನ ಮುಂದೆ ನಿಂತುಬಿಡುತ್ತಾಳೆ. ಕೈಯಲ್ಲೊಂದು ಚೀಲ, ಚೀಲದಲ್ಲಿ ಬೆಲೆಚೀಟಿ ಕೂಡ ಕಿತ್ತಿರದ ಹೊಸ ಚಪ್ಪಲಿ. ಪಕ್ಕದ ಗೂಡಂಗಡಿಯಿಂದ ಮಾಂಸ ತುಂಬಿ ಬೇಯಿಸಿದ ಬಿಸಿ ಬುರೆಕ್‌ನ ವಾಸನೆ ಬರುತ್ತಿದ್ದರೂ ಅತ್ತ ನೋಡುವುದಿಲ್ಲ. ರಾತ್ರಿಯಿಂದ ಅವಳು ಏನೂ ತಿನ್ನುವಂತಿಲ್ಲ.

ದೋಬ್ರಿಲಾ ಸ್ತೊಯಿಲ್ಕೊವಿಚ್ ಬೆಂಚಿನಿಂದೆದ್ದು ಅವಳ ಹತ್ತಿರ ಹೋಗುತ್ತಾರೆ. ಶುಭೋದಯ ಗಿಭೋದಯ ಏನಿಲ್ಲ.

"ಯಾವ ಕಡೇದಮ್ಮ?"

"ಎಡಗಡೆ," ಎನ್ನುತ್ತಾಳೆ ಅವಳು ಬೆಚ್ಚಿಬಿದ್ದು. "ನಿಮಗೆ ಹೇಗೆ ಗೊತ್ತಾಯ್ತು?"

"ಹೊಸ ಚಪ್ಪಲಿ ಚೀಲದಲ್ಲಿ ಇಟ್ಕೊಂಡು ಯಾರಾದ್ರೂ ಕೆಲಸಕ್ಕೆ ಬರ್ತಾರಾ? ಇವತ್ತು ಎದೆ ಆಪರೇಷನ್ನಿನ ದಿನ ಬೇರೆ. ಬಾ ಈ ಕಡೆ. ಆರೂವರೆ ತನಕ ನಿನ್ನ ಹೆಸರು ಕೂಗಲ್ಲ."

ಗೂಡಂಗಡಿಯ ಹಿಂದೆ ಹಿಟ್ಟಿನ ಮೂಟೆ ಇಡುವ ಕೋಣೆಯೊಂದಿದೆ. ಅದಕ್ಕೆ ಚಿಲಕವಿಲ್ಲ, ಅಂಗಡಿಯವನೇ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಒಳಗೆ ದೋಬ್ರಿಲಾ ಅಂಗಿಯ ಗುಂಡಿ ಬಿಚ್ಚುತ್ತಾರೆ. ಬಲಗಡೆಯ ಎದೆ ಹುಟ್ಟಿನಿಂದ ಬಂದದ್ದು, ಎಡಗಡೆಯದು ಹದಿನಾಲ್ಕು ವರ್ಷದ ಹಿಂದೆ, ಕ್ಯಾನ್ಸರಿಗೆ ಎದೆ ತೆಗೆದ ಮೇಲೆ, ಡಾಕ್ಟರು ಕಟ್ಟಿಕೊಟ್ಟದ್ದು. ಹೊಲಿಗೆಯ ಗುರುತು ಬೆಳ್ಳಗೆ ತೆಳುವಾಗಿದೆ. ಹೆಂಗಸಿನ ಮುಖ ಸ್ವಲ್ಪ ಸಡಿಲವಾಗುತ್ತದೆ. ಅವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಇದೆ. ಆಗ ದೋಬ್ರಿಲಾ ಮೂಟೆಯ ಪಕ್ಕ ಇಟ್ಟಿದ್ದ ನೀರಿನ ಲೋಟದಿಂದ ತಣ್ಣನೆಯ ಚಮಚವೊಂದನ್ನು ತೆಗೆದು ಅವಳ ಕೈಗೆ ಕೊಟ್ಟು, ಕಣ್ಣು ಮುಚ್ಚಿಕೊಳ್ಳುತ್ತಾರೆ.

"ಎಡಗಡೆ ಇಡು. ಎಲ್ಲಿ ಬೇಕಾದ್ರೂ ಇಡು. ನಾನು ಹೇಳ್ತೀನಿ."

ಒಂದು ಕ್ಷಣ, ಎರಡು ಕ್ಷಣ. "ಇಟ್ಟಿದ್ದೀಯಾ?" ಎಂದು ಕೇಳುತ್ತಾರೆ.

"ಆಗಲೇ ಇಟ್ಟಿದ್ದೀನಿ ಅಕ್ಕಾ," ಎನ್ನುತ್ತಾಳೆ ಅವಳು.

"ನೋಡಿದ್ಯಲ್ಲ. ನಿಂದೂ ಬಹುಶಃ ಹೀಗೇ ಆಗತ್ತೆ. ಚೆನ್ನಾಗಿ ಕಾಣತ್ತೆ, ಅಂಗಿ ಸರಿಯಾಗಿ ಕೂರತ್ತೆ. ಆದ್ರೆ ಬಿಸಿ, ತಣ್ಣಗೆ ಒಂದೂ ತಿಳಿಯಲ್ಲ. ಸ್ವಲ್ಪ ವಾಪಸ್ ಬಂದ್ರೆ ಲಾಭ. ಬಂದೇ ಬರತ್ತೆ ಅಂತ ನಂಬ್ಕೊಂಡು ಮಾತ್ರ ಒಲೆ ಮುಂದೆ ನಿಲ್ಬೇಡ."

ಒಳಗೆ ಹೋಗುವ ಮುನ್ನ ಹೆಂಗಸಿನ ಹೆಗಲಿಗೆ ಒಂದು ಬಟ್ಟೆಯ ಚೀಲ ಹಾಕಿ ಕಳಿಸುತ್ತಾರೆ. ಅದರಲ್ಲಿ ಎರಡು ಜೇಬುಗಳಿವೆ. ಆಪರೇಷನ್ ಆದಮೇಲೆ ಕಂಕುಳಿನ ಕೆಳಗಿನಿಂದ ಎರಡು ನಳಿಕೆ ಹೊರಬರುತ್ತವೆ, ನಳಿಕೆಯ ತುದಿಗೆ ಗಾಯದ ನೀರು ತುಂಬುವ ಬಾಟಲಿಗಳು. ಈ ಚೀಲ ಅವುಗಳಿಗಾಗಿ.

ದೋಬ್ರಿಲಾಗೆ ಈಗ ಐವತ್ತೆಂಟು. ಊರಿನ ಉಣ್ಣೆ ಗಿರಣಿಯಲ್ಲಿ ಹೊಲಿಗೆಯವರಾಗಿದ್ದರು. ಗಿರಣಿ ಮುಚ್ಚಿದ ಮೇಲೆ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಊರಿನ ಗಂಡಸರ ಪ್ಯಾಂಟು ಮೋಟು ಮಾಡುತ್ತಾರೆ, ಹೆಂಗಸರ ಸ್ಕರ್ಟು ಅಗಲ ಮಾಡುತ್ತಾರೆ. ತಮ್ಮ ಆಪರೇಷನ್ ಆದಾಗ ವಾರ್ಡಿನ ಹೆಂಗಸರೆಲ್ಲ ಆ ಬಾಟಲಿಗಳನ್ನು ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಶೌಚಾಲಯಕ್ಕೆ ನಡೆಯುವುದನ್ನು ನೋಡಿ ಅವರಿಗೆ ರೇಗಿತ್ತು. "ಅರ್ಧ ಕಿಲೋ ಟೊಮೇಟೊ ಹಿಡ್ಕೊಂಡು ಹೋದ ಹಾಗೆ ನಮ್ಮ ರಕ್ತ ಹಿಡ್ಕೊಂಡು ಹೋಗ್ತಿದ್ವಿ," ಎನ್ನುತ್ತಾರೆ. ಮನೆಗೆ ಬಂದ ಮೂರನೆಯ ವಾರ, ಒಂದು ಕೈ ಇನ್ನೂ ಮೇಲೇಳದಿದ್ದಾಗಲೇ, ದಿಂಬಿನ ಚೀಲ ಕತ್ತರಿಸಿ ಮೊದಲನೆಯದನ್ನು ಹೊಲಿದರು. ವಾರಕ್ಕೆ ನಾಲ್ಕರಂತೆ, ಹದಿನಾಲ್ಕು ವರ್ಷ. ಎರಡೂವರೆ ಸಾವಿರ ಯಾವಾಗಲೋ ದಾಟಿದೆ.

ಚೀಲ ಒಂದು ನೆಪ ಅಷ್ಟೇ. ಅವರ ನಿಜವಾದ ಕೆಲಸ ಹಾಸಿಗೆಯ ಪಕ್ಕ ನಡೆಯುತ್ತಿತ್ತು. ಆಪರೇಷನ್ ಆದ ಮಾರನೆಯ ಬೆಳಿಗ್ಗೆ ಮಗ್ಗುಲಾಗಿ ಹೇಗೆ ಏಳಬೇಕೆಂದು ತೋರಿಸುವುದು, ಕೈ ಎತ್ತಲಾಗದವರ ತಲೆ ಬಾಚುವುದು, ಮೊದಲ ಬಾರಿ ಕನ್ನಡಿ ನೋಡುವಾಗ ಪಕ್ಕದಲ್ಲಿ ನಿಲ್ಲುವುದು, ಅಳುವ ಗಂಡಂದಿರನ್ನು ಕಾಫಿ ತರಲು ಓಡಿಸುವುದು. ಸಂಬಳವಿಲ್ಲ, ಹುದ್ದೆಯಿಲ್ಲ, ಕತ್ತಿನಲ್ಲಿ ಒಂದು ಪಾಸು ಮಾತ್ರ. ಕಳೆದ ಚಳಿಗಾಲದಲ್ಲಿ ಆ ಪಾಸನ್ನೂ ಕಿತ್ತುಕೊಂಡರು. ಅಂದಿನಿಂದ ಅವರ ಕಚೇರಿ ಗೇಟಿನಾಚೆಯ ಬೆಂಚು.

ಹೀಗಾದದ್ದು ಒಂದು ಸುಳ್ಳಿನಿಂದ. ಆ ಸುಳ್ಳು ಹೇಳಿದ್ದು ತಾನೇ ಎಂಬುದನ್ನು ದೋಬ್ರಿಲಾ ಮುಚ್ಚಿಡುವುದಿಲ್ಲ.

ಆಪರೇಷನ್ ಆದವರು ಹನ್ನೊಂದು ಜನ ಪ್ರತಿ ಗುರುವಾರ ಸಂಜೆ ಪೆರ್ಸಿದಾ ಅಜ್ಜಿಯ ಅಡುಗೆಮನೆಯಲ್ಲಿ ಸೇರುತ್ತಾರೆ. ಪೆರ್ಸಿದಾಗೆ ಎಪ್ಪತ್ತೊಂದು, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು, ಬಾಯಿಯೂ ಎಲ್ಲರಿಗಿಂತ ಜೋರು. ಹೊಸದಾಗಿ ಬಂದ ಪ್ರತಿಯೊಬ್ಬಳೂ ಒಂದಲ್ಲ ಒಂದು ಗುರುವಾರ ತಗ್ಗಿದ ಧ್ವನಿಯಲ್ಲಿ ಕೇಳುವ ಪ್ರಶ್ನೆ ಒಂದೇ: ಅಲ್ಲಿ ಮತ್ತೆ ಸ್ಪರ್ಶ ತಿಳಿಯುತ್ತದೆಯೇ? ದೋಬ್ರಿಲಾ ಕೂಡ ಕೇಳಿದ್ದರು. ಆಗ ಪೆರ್ಸಿದಾ, "ನಂಗೆ ಆರು ತಿಂಗಳಲ್ಲಿ ಬಂತಪ್ಪ," ಎಂದಿದ್ದರು. ಪಕ್ಕದವಳು, "ನಂಗೆ ವರ್ಷ ಹಿಡೀತು," ಎಂದಿದ್ದಳು. ಎರಡು ವರ್ಷವಾದರೂ ದೋಬ್ರಿಲಾಗೆ ಬರಲಿಲ್ಲ. ಡಾಕ್ಟರನ್ನು ಕೇಳಿದರೆ, ಜೀವ ಉಳಿದಿದೆಯಲ್ಲ, ಅದಕ್ಕೆ ಸಂತೋಷಪಡಿ ಎಂಬ ಉತ್ತರ ಸಿಕ್ಕಿತು. ತನ್ನ ದೇಹವೇ ಸರಿಯಿಲ್ಲ ಎಂದುಕೊಂಡು ನಾಚಿದರು. ಮುಂದಿನ ಸಲ ಹೊಸಬಳೊಬ್ಬಳು ಕೇಳಿದಾಗ, "ನಂಗೂ ಬಂತು," ಎಂದುಬಿಟ್ಟರು.

ಆ ಉತ್ತರವನ್ನೇ ಅವರು ಎರಡು ವರ್ಷದ ಹಿಂದೆ ಯಾಗೊದಾಗೂ ಕೊಟ್ಟರು. ಯಾಗೊದಾ ಮೂವತ್ತೆಂಟರ ಹೆಣ್ಣುಮಗಳು, ಸೇತುವೆ ಪಕ್ಕದ ಔಷಧಿ ಅಂಗಡಿಯಲ್ಲಿ ಕೆಲಸ. ಔಷಧಿ ಮಾರುವವಳಿಗೂ ಇದು ತಿಳಿದಿರಲಿಲ್ಲ, ಯಾಕೆಂದರೆ ಇದನ್ನು ಯಾವ ಚೀಟಿಯಲ್ಲೂ ಬರೆದಿರಲಿಲ್ಲ. ಅವಳು ನಂಬಿದ್ದು ದೋಬ್ರಿಲಾ ಅಕ್ಕನನ್ನು.

ಕಳೆದ ಸೆಪ್ಟೆಂಬರ್. ಊರಿಗೆ ಊರೇ ಅಂಗಳದಲ್ಲಿ ತಗಡಿನ ಒಲೆ ಹೂಡಿ ಕೆಂಪು ದಪ್ಪ ಮೆಣಸಿನಕಾಯಿ ಸುಡುವ ಕಾಲ. ಸಿಪ್ಪೆ ಸುಲಿದು, ಅರೆದು, ಅಗಲವಾದ ಪಾತ್ರೆಯಲ್ಲಿ ನಾಲ್ಕು ತಾಸು ಕೈ ಬಿಡದೆ ತಿರುವಿದರೆ ಚಳಿಗಾಲಕ್ಕೆಲ್ಲ ಸಾಕಾಗುವಷ್ಟು ಆಯ್ವಾರ್ ಆಗುತ್ತದೆ. ಗಟ್ಟಿಯಾಗುತ್ತ ಬಂದ ಆಯ್ವಾರ್ ಕೊತಕೊತ ಕುದಿಯುತ್ತ ಸಿಡಿಯುತ್ತದೆ. ಮುಂಗೈಗೆ ಸಿಡಿದಾಗ ಇಲ್ಲಿನ ಹೆಂಗಸರು ಒಂದು ಬೈಗುಳ ಬೈದು ಹಿಂದೆ ಸರಿಯುತ್ತಾರೆ. ಯಾಗೊದಾಳ ಅಂಗಿಯ ಕತ್ತಿನೊಳಗೆ ಎರಡು ಮೂರು ಮುದ್ದೆ ಬಿದ್ದು ಕಟ್ಟಿಸಿಕೊಂಡ ಎದೆಗೆ ಅಂಟಿಕೊಂಡವು. ಅವಳು ತಿರುವುತ್ತಲೇ ಇದ್ದಳು. ಸಂಜೆ ಬಟ್ಟೆ ಬಿಚ್ಚಿದಾಗ ಗುಳ್ಳೆ ಎದ್ದಿದ್ದನ್ನು ಕಂಡದ್ದು ಅವಳ ಅತ್ತೆ. ಅಲ್ಲಿ ಚರ್ಮದ ಕೆಳಗೆ ಮಾಂಸ ಕಡಿಮೆ, ನೇರ ಒಳಗಿಟ್ಟ ಸಿಲಿಕೋನ್. ಮೂರು ವಾರದಲ್ಲಿ ಗಾಯ ಬಾಯಿಬಿಟ್ಟಿತು, ಕೀವಾಯಿತು, ಒಳಗಿದ್ದುದನ್ನು ತೆಗೆದುಹಾಕಿದರು. ಎರಡು ಆಪರೇಷನ್ನಿನ ನೋವುಂಡು ಪಡೆದುಕೊಂಡದ್ದು ಒಂದು ಚಟ್ಟಿ ಆಯ್ವಾರ್‌ಗೆ ಹೋಯಿತು.

ಸುದ್ದಿ ಕೇಳಿದ ದೋಬ್ರಿಲಾ ರೋಗಿಯನ್ನು ನೋಡಲು ಹೋಗುವವರಂತೆ ಕಾಫಿಪುಡಿ, ಹಣ್ಣಿನ ರಸ ಹಿಡಿದು ಅವಳ ಮನೆ ಬಾಗಿಲು ತಟ್ಟಿದರು.

"ನಿಂಗೆ ಬಂತು ಅಂದಿದ್ಯಲ್ಲ ಅಕ್ಕಾ," ಎಂದಳು ಯಾಗೊದಾ, ಹೊಸ್ತಿಲಲ್ಲೇ ನಿಂತು.

"ಸುಳ್ಳು ಹೇಳ್ದೆ ಕಣೇ."

"ಯಾಕೆ?"

"ನಿನ್ನ ಮುಖ ನೋಡಕ್ಕಾಗಲಿಲ್ಲ."

"ಈಗ ನೋಡು, ಚೆನ್ನಾಗಿ ನೋಡ್ಕೋ," ಎಂದು ಯಾಗೊದಾ ಬಾಗಿಲು ಹಾಕಿಕೊಂಡಳು. ದೋಬ್ರಿಲಾ ತಂದದ್ದನ್ನು ಬಾಗಿಲ ಹಿಡಿಗೆ ತೂಗುಹಾಕಿ ಬಂದರು. ಮಾರನೆಯ ಬೆಳಿಗ್ಗೆ ಆ ಚೀಲ ಅವರದೇ ಮನೆಯ ಬಾಗಿಲಿಗೆ ತೂಗುತ್ತಿತ್ತು.

ಆ ಗುರುವಾರ ಪೆರ್ಸಿದಾ ಎಂದಿನಂತೆ ಸಕ್ಕರೆಪಾಕದ ಚೆರ್ರಿ ಹಣ್ಣು, ನೀರು ತಂದಿಟ್ಟರು. ತಿಂದ ಚಮಚವನ್ನು ನೀರಿನ ಲೋಟಕ್ಕೇ ಹಾಕುವುದು ಇಲ್ಲಿನ ರೂಢಿ. ದೋಬ್ರಿಲಾ ತಮ್ಮ ಲೋಟದ ಒದ್ದೆ ಚಮಚ ತೆಗೆದು ಮೇಜಿನ ಮಧ್ಯೆ ಇಟ್ಟು, "ನಂಗೆ ಬಂದಿಲ್ಲ. ಇವತ್ತಿಗೂ ಬಂದಿಲ್ಲ. ನಿಮಗೆ ಯಾರಿಗೆ ಬಂದಿದೆ, ಕಣ್ಣು ಮುಚ್ಚಿ ತೋರಿಸಿ," ಎಂದರು. ಆಮೇಲೆ ಒಬ್ಬೊಬ್ಬರಾಗಿ ಗುಂಡಿ ಬಿಚ್ಚಿದರು. ಹನ್ನೊಂದರಲ್ಲಿ ಒಬ್ಬಳಿಗೆ ಮಾತ್ರ ಕಂಕುಳಿನ ಅಂಚಿನಲ್ಲಿ ಒಂದಿಷ್ಟು ತಣ್ಣಗೆ ತಿಳಿಯಿತು. ಉಳಿದ ಹತ್ತು ಜನರಿಗೆ ಏನೂ ಇಲ್ಲ. ಹತ್ತು ಜನರೂ ವರ್ಷಗಟ್ಟಲೆ ತನಗೊಬ್ಬಳಿಗೇ ಹೀಗೆ ಎಂದುಕೊಂಡು, ಪಕ್ಕದವಳಿಗೆ ಧೈರ್ಯ ಹೇಳುತ್ತ ಬಂದಿದ್ದರು.

"ನಮ್ಮನೆಯವ್ರು ಮುಟ್ಟಿದ್ರೂ ನಂಗೆ ಮೂವತ್ತು ವರ್ಷ ಏನೂ ಅನ್ನಿಸ್ತಿರ್ಲಿಲ್ಲ ಕಣ್ರೇ," ಎಂದರು ಪೆರ್ಸಿದಾ. "ಅದಕ್ಕೇ ವ್ಯತ್ಯಾಸ ಗೊತ್ತಾಗಲಿಲ್ಲ." ಎಲ್ಲರೂ ನಕ್ಕರು. ನಕ್ಕು ಮುಗಿಯುವಷ್ಟರಲ್ಲಿ ಪೆರ್ಸಿದಾರೇ ಮೊದಲು ಅಳತೊಡಗಿದರು, ಯಾಕೆಂದರೆ ಆ ಸುಳ್ಳನ್ನು ಆ ಅಡುಗೆಮನೆಯಲ್ಲಿ ಮೊದಲು ಹೇಳಿದವರು ಅವರು.

ಹೆಂಗಸರು ತಮ್ಮ ತಪ್ಪು ಒಪ್ಪಿಕೊಂಡರು. ಆಸ್ಪತ್ರೆ ಏನು ಮಾಡಿತು? ಯಾಗೊದಾಳ ಕಡತದಲ್ಲಿ "ಅರ್ಹತೆಯಿಲ್ಲದ ವ್ಯಕ್ತಿಯಿಂದ ತಪ್ಪು ಮಾಹಿತಿ" ಎಂದು ಬರೆದು, ದೋಬ್ರಿಲಾರ ಪಾಸು ಕಿತ್ತುಕೊಂಡು ಕೈ ತೊಳೆದುಕೊಂಡಿತು. ಇಲ್ಲಿ ಎದೆ ಕಟ್ಟಿಸಿಕೊಂಡವರ ಕೈಗೆ ಮನೆಗೆ ಹೋಗುವ ದಿನ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಹನ್ನೆರಡು ಸೂಚನೆಗಳಿವೆ. ಭಾರ ಎತ್ತಬಾರದು, ಮಕಾಡೆ ಮಲಗಬಾರದು, ಎರಡು ವಾರ ಕಾರು ಓಡಿಸಬಾರದು. ಬಿಸಿ ತಿಳಿಯುವುದಿಲ್ಲ, ಎಚ್ಚರ ಎಂಬ ಹದಿಮೂರನೆಯ ಸಾಲು ಇಲ್ಲ. ಅರ್ಹತೆಯಿದ್ದ ಅಷ್ಟೂ ಜನರಲ್ಲಿ ಅದನ್ನು ಬರೆಯಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಗೂಬೆ ಕೂರಿಸಲು ಮಾತ್ರ ಪ್ಯಾಂಟು ಹೊಲಿಯುವ ಹೆಂಗಸೊಬ್ಬಳು ಅನುಕೂಲವಾಗಿ ಸಿಕ್ಕಳು.

ಆಸ್ಪತ್ರೆಯ ಮೊದಲ ಮಹಡಿಯ ಗೋಡೆಯ ಮೇಲೆ ಹನ್ನೊಂದು ಜನರ ಫೋಟೊ ಈಗಲೂ ಇದೆಯಂತೆ. ಎಲ್ಲರ ಎದೆಗೂ ಗುಲಾಬಿ ರಿಬ್ಬನ್, ನಡುವೆ ನಗುತ್ತಿರುವ ದೋಬ್ರಿಲಾ. ಪ್ರತಿ ಅಕ್ಟೋಬರಿನಲ್ಲಿ, ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳಲ್ಲಿ, ಅದರ ಕೆಳಗೆ ಭಾಷಣಗಳಾಗುತ್ತವೆ. ಆ ಫೋಟೊ ನೋಡಬೇಕೆಂದರೆ ಅವರು ಕಾವಲುಗಾರನ ಅಪ್ಪಣೆ ಕೇಳಬೇಕು.

ಈ ವಸಂತದಲ್ಲಿ ಒಮ್ಮೆ ಒಳಗಿನಿಂದ ಕರೆ ಬಂದಿತ್ತು. ಉಪನಿರ್ದೇಶಕರು ಕಾಫಿ ತರಿಸಿ, ಪಾಸು ವಾಪಸ್ ಕೊಡುತ್ತೇವೆ, ಒಂದು ಕಾಗದಕ್ಕೆ ಸಹಿ ಹಾಕಿ ಎಂದರು. ಆಪರೇಷನ್ನಿನ ಫಲಿತಾಂಶದ ಬಗ್ಗೆ ರೋಗಿಗಳ ಹತ್ತಿರ ಮಾತಾಡುವುದಿಲ್ಲ ಎಂಬ ಕಾಗದ ಅದು.

"'ಧೈರ್ಯ ತುಂಬಿ, ಅಷ್ಟು ಸಾಕು' ಅಂದ್ರು," ಎಂದು ನೆನೆಯುತ್ತಾರೆ ದೋಬ್ರಿಲಾ. "ಧೈರ್ಯ ತುಂಬೇ ಅಲ್ವಾ ಸ್ವಾಮಿ, ಆ ಹುಡುಗೀನ ಸುಟ್ಟಿದ್ದು ಅಂದೆ. ಕಾಫಿ ಹಾಗೇ ಬಿಟ್ಟು ಎದ್ದು ಬಂದೆ. ಒಳ್ಳೇ ಕಾಫಿ, ಪಾಪ."

ಪಾಸು ಬೇಡವೇ ಎಂದರೆ ಬೇಕು ಎನ್ನುತ್ತಾರೆ. ಆಪರೇಷನ್ನಿನ ಮಾರನೆಯ ಬೆಳಿಗ್ಗೆ ತಲೆ ಬಾಚುವವರಿಲ್ಲದೆ ಮಲಗಿರುವವರನ್ನು ನೆನೆದರೆ ಅವರಿಗೆ ಸಂಕಟವಾಗುತ್ತದೆ. ಆದರೆ ಅದಕ್ಕಿಂತ ಮೊದಲು ಆ ಹದಿಮೂರನೆಯ ಸಾಲು ಬೇಕು. ಮೂರು ಅರ್ಜಿ ಕೊಟ್ಟಿದ್ದಾರೆ. ಪರಿಶೀಲನೆಯಲ್ಲಿದೆ ಎಂಬ ಉತ್ತರವೂ ಮೂರು ಸಲ ಬಂದಿದೆ. "ಒಂದು ಸಾಲು ಕಣಪ್ಪ. ನಾನು ಸತ್ತ ಮೇಲೆ ಈ ಬೆಂಚಲ್ಲಿ ಯಾರು ಕೂರ್ತಾರೆ? ಕಾಗದ ಆದ್ರೆ ಸಾಯಲ್ಲ."

ಯಾಗೊದಾ ಮತ್ತೆ ಆಪರೇಷನ್ ಮಾಡಿಸಿಕೊಂಡಿಲ್ಲ. ಗುರುವಾರದ ಅಡುಗೆಮನೆಗೂ ಬಂದಿಲ್ಲ. ಸಂತೆಯಲ್ಲಿ ಎದುರಾದರೆ ರಸ್ತೆಯ ಆಚೆ ಬದಿಗೆ ದಾಟುತ್ತಾಳೆ. ದೋಬ್ರಿಲಾ ತಮ್ಮ ರಕ್ತದೊತ್ತಡದ ಮಾತ್ರೆಗೂ ಈಗ ಊರ ಇನ್ನೊಂದು ತುದಿಯ ಅಂಗಡಿಗೆ ನಡೆದು ಹೋಗುತ್ತಾರೆ. ಕ್ಷಮೆಯ ಮಾತು ತೆಗೆದರೆ ಮುಖ ಸಿಂಡರಿಸುತ್ತಾರೆ. "ಕ್ಷಮಿಸು ಅಂತ ಯಾವ ಬಾಯಲ್ಲಿ ಕೇಳಲಿ? ಅವಳ ಎದೆ ನಾನು ತಂದುಕೊಡ್ತೀನಾ?"

ಗುರುವಾರ ಬೆಳಿಗ್ಗೆ. ಗುಡ್ಡದ ಹಳ್ಳಿಗಳಿಂದ ಬರುವ ಬಸ್ಸು ತಡವಾಗಿದೆ. ಇಳಿದವಳ ಹೆಸರು ನೆವೆನಾ, ವಯಸ್ಸು ನಲವತ್ತರ ಹತ್ತಿರ. ಇವಳು ಉಳಿದವರ ಹಾಗೆ ಗೇಟಿನ ಮುಂದೆ ತಬ್ಬಿಬ್ಬಾಗಿ ನಿಲ್ಲುವುದಿಲ್ಲ. ನೇರ ಬೆಂಚಿನ ಬಳಿಗೇ ಬರುತ್ತಾಳೆ.

"ದೋಬ್ರಿಲಾ ಅಂದ್ರೆ ನೀವೇನಾ?"

"ಹೂಂ. ಯಾರು ಹೇಳಿದ್ರು?"

ನೆವೆನಾ ಚೀಲ ಕೆಳಗಿಡುತ್ತಾಳೆ. "ಆಪರೇಷನ್ನಿಗೆ ಕಾಲಿಗೆ ಹಾಕೋ ಬಿಗಿ ಸಾಕ್ಸ್ ತಗೊಳ್ಳೋಕೆ ಸೇತುವೆ ಹತ್ರದ ಔಷಧಿ ಅಂಗಡಿಗೆ ಹೋಗಿದ್ದೆ. ಅಲ್ಲಿರೋರು ಯಾವ ಆಪರೇಷನ್ನು ಅಂತ ಕೇಳಿದ್ರು, ಹೇಳ್ದೆ. ಸಾಕ್ಸ್ ಪೊಟ್ಟಣ ಕಟ್ತಾ ಹಾಗೇ..." ಎಂದು ಅನುಮಾನಿಸಿ ನಿಲ್ಲಿಸುತ್ತಾಳೆ.

"ಹಾಗೇ ಏನು? ಹೇಳಮ್ಮ."

"'ಆಸ್ಪತ್ರೆ ಗೇಟಿನ ಹತ್ರ ಒಬ್ಬಳು ಕೂತಿರ್ತಾಳೆ, ಒಳಗೆ ಹೋಗೋಕೆ ಮುಂಚೆ ಅವಳನ್ನ ಕೇಳು. ನಂಗೆ ಸುಳ್ಳು ಹೇಳಿದ್ಲು. ಇನ್ನು ಯಾರಿಗೂ ಹೇಳಲ್ಲ' ಅಂದ್ರು."

ದೋಬ್ರಿಲಾ ಎದ್ದವರು ಮತ್ತೆ ಕೂರುತ್ತಾರೆ. ಬುರೆಕ್ ಅಂಗಡಿಯವನು ಏನಾಯಿತೆಂದು ಇಣುಕುತ್ತಾನೆ. ಏನಿಲ್ಲ ಹೋಗು ಎಂದು ಅವನಿಗೆ ಕೈಸನ್ನೆ ಮಾಡಿ, ನೆವೆನಾಳನ್ನು ಕೇಳುತ್ತಾರೆ.

"ಹೇಗಿದ್ದಾಳೆ ಅವಳು?"

"ಗೊತ್ತಿಲ್ಲ ಅಕ್ಕಾ. ನಗಲಿಲ್ಲ."

"ನಗೋದೇನೂ ಬೇಡ," ಎನ್ನುತ್ತಾರೆ ದೋಬ್ರಿಲಾ, ಹಿಟ್ಟಿನ ಕೋಣೆಯ ಕಡೆ ಹೆಜ್ಜೆ ಹಾಕುತ್ತ. "ನಿನ್ನ ಕಳಿಸಿದ್ಲಲ್ಲ."