ಸೂಜಿ ನಾಲಿಗೆ ಮುಟ್ಟುವುದಿಲ್ಲ

ಚಿಕ್ಕಪ್ಪನ ತರ್ಪಣದ ಪೆಟ್ಟಿಗೆಯಲ್ಲಿ ದರ್ಭೆ, ತಾಮ್ರದ ಪಂಚಪಾತ್ರೆ, ಸವೆದ ಗಂಧದ ಕೊರಡು ಇವುಗಳ ನಡುವೆ ಒಂದು ಪುಟ್ಟ ಗಾಜಿನ ಸೀಸೆ ಇದೆ. ಹೆಬ್ಬೆರಳಿನಷ್ಟು ಎತ್ತರ, ಬೂದು ಬಣ್ಣದ ರಬ್ಬರ್ ಬಿರಡೆ, ಒಳಗೆ ಕರಿ ಎಳ್ಳು. ಈ ಬೆಳಿಗ್ಗೆ ಬಿರಡೆ ತೆಗೆದಾಗ ಎಳ್ಳಿನ ಜೊತೆಗೆ ಆಸ್ಪತ್ರೆಯ ವಾಸನೆಯೂ ಬಂದಂತಾಯಿತು. ಎಂಟು ವರ್ಷ ಎಳ್ಳು ತುಂಬಿಟ್ಟ ಸೀಸೆಯಲ್ಲಿ ಆಸ್ಪತ್ರೆ ಉಳಿದಿರಲಾರದು. ನನ್ನ ಮೂಗಿನಲ್ಲಿ ಉಳಿದಿರಬೇಕು.

ಇವತ್ತು ಚಿಕ್ಕಪ್ಪನ ಶ್ರಾದ್ಧ. ಕಾಶಿಗೆ ಬಂದ ಕನ್ನಡದವರಿಗೆ ನಲವತ್ತು ವರ್ಷ ಶ್ರಾದ್ಧ ಮಾಡಿಸಿದ ಮನೆಯಲ್ಲಿ ನಾವೀಗ ಪುರೋಹಿತರಿಗಾಗಿ ಕಾಯುತ್ತಿದ್ದೇವೆ. ದಾರಿಯಲ್ಲಿ ಜಾಮ್ ಆಗಿದೆ ಎಂದು ಅವರು ಎರಡು ಸಲ ಫೋನ್ ಮಾಡಿದ್ದಾರೆ. ಅಡುಗೆಮನೆಯಲ್ಲಿ ಚಿಕ್ಕಮ್ಮ ಎಳ್ಳುಂಡೆ ಕಟ್ಟುತ್ತಿದ್ದಾರೆ. ಪಿಂಡ ಬಿಡುವ ತನಕ ಮನೆಯವರು ಯಾರೂ ಏನೂ ಬಾಯಿಗೆ ಹಾಕುವಂತಿಲ್ಲ. ಹಸಿದವರಿಗೆ ಮಾತು ಜಾಸ್ತಿ, ಆದ್ದರಿಂದ ನೀವೂ ಸ್ವಲ್ಪ ಕೂತುಕೊಳ್ಳಿ.

ನೀವು ದಶಾಶ್ವಮೇಧ ಘಾಟಿಗೆ ಬಂದವರಾದರೆ ನನ್ನ ಚಿಕ್ಕಪ್ಪನನ್ನು ಕಂಡಿರಲೂಬಹುದು. ಬಿದಿರಿನ ದೊಡ್ಡ ಕೊಡೆಯ ಕೆಳಗೆ, ಹಲಗೆಯ ಮೇಲೆ ಕೂತು, ಎದುರಿಗಿದ್ದವರ ಗೋತ್ರಕ್ಕಿಂತ ಮೊದಲು ಊರು ಕೇಳುತ್ತಿದ್ದ ದಪ್ಪನೆಯ ಮನುಷ್ಯ. ಕರ್ನಾಟಕವನ್ನು ಅವರು ನೋಡಿದ್ದು ಮೂರೇ ಸಲ. ಆದರೆ ಹಾವೇರಿಯವರು ಎಂದರೆ ಏಲಕ್ಕಿ ಹಾರದ ವಿಚಾರ, ಧಾರವಾಡದವರು ಎಂದರೆ ಪೇಡೆಯ ವಿಚಾರ ತೆಗೆದು, ಅಳುತ್ತಾ ಬಂದವರನ್ನು ನಗಿಸಿ, ಆಮೇಲೆ ಪಿಂಡಕ್ಕೆ ಕೈಹಾಕಿಸುತ್ತಿದ್ದರು. ಕಚೋಡಿ, ಜಿಲೇಬಿ ಕಂಡರೆ ಪ್ರಾಣ. ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ಸವೆದಿದ್ದರಿಂದ ದಿನಾ ಸಂಜೆ ಊಟದ ಮೇಲೆ ನೋವಿನ ಗುಳಿಗೆಯೊಂದನ್ನು ಸ್ವಂತ ವೈದ್ಯದಲ್ಲೇ ನುಂಗುತ್ತಿದ್ದರು.

ಪಿತೃಪಕ್ಷದ ಹದಿನೈದು ದಿನ ಮಾತ್ರ ಅವರು ಬೇರೆಯೇ ಮನುಷ್ಯ. ಬಂದ ಯಾತ್ರಿಕರ ಪಿಂಡಗಳೆಲ್ಲ ಮುಗಿಯುವ ತನಕ ಹನಿ ನೀರೂ ಇಲ್ಲ. ಅದು ಮುಗಿಯುವಾಗ ಮಧ್ಯಾಹ್ನ ಮೂರು ಗಂಟೆ. ಎಂಟು ವರ್ಷದ ಹಿಂದಿನ ಪಕ್ಷದಲ್ಲಿ ಅವರ ಹೊಟ್ಟೆ ಉರಿಯತೊಡಗಿತ್ತು. ಹೊಕ್ಕುಳ ಮೇಲೆ ಕೈಯಿಟ್ಟುಕೊಂಡೇ ಮಂತ್ರ ಹೇಳುತ್ತಿದ್ದರು. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ತೆಗೆದುಕೊಳ್ಳುವ ಗುಳಿಗೆ ಇದೆಯಂತೆ ಎಂದು ಚಿಕ್ಕಮ್ಮ ಹೇಳಿದರೆ, "ಗುಳಿಗೆ ನುಂಗೋಕೆ ನೀರು ಬೇಕಲ್ಲೇ. ನೀರು ಗಂಟಲಲ್ಲಿ ಇಳೀತು ಅಂದ್ರೆ ವ್ರತ ಖತಂ" ಎಂದರು.

ನಾನಾಗ ಗ್ರಂಥಾಲಯವೊಂದರಲ್ಲಿ ಪುಸ್ತಕಗಳಿಗೆ ಚೀಟಿ ಬರೆಯುತ್ತಿದ್ದೆ. ಸಾವಿರ ಪುಸ್ತಕಗಳ ಬೆನ್ನು ಮಾತ್ರ ನೋಡಿದವರಿಗೆ ಬರುವ ಪಾಂಡಿತ್ಯ ನನಗೂ ಬಂದಿತ್ತು. ಆಫೀಸಿಗೆ ಹೊರಟವಳು ಚಪ್ಪಲಿ ಮೆಟ್ಟುತ್ತಾ, "ಹಾಗಾದ್ರೆ ಸೂಜಿ ಹಾಕಿಸ್ಕೊಳ್ಳಿ ಚಿಕ್ಕಪ್ಪ. ಸೂಜಿ ನಾಲಿಗೆ ಮುಟ್ಟಲ್ಲ" ಎಂದೆ.

ತಮಾಷೆಗೆ ಅಂದದ್ದು. ಆದರೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಚಿಕ್ಕಪ್ಪನ ಮುಖ ಅರಳಿತು. "ಅರೇ ವಾಹ್ ಬಿಟಿಯಾ! ಓದಿದವಳು ಅಂದ್ರೆ ಹೀಗಿರಬೇಕು ನೋಡು" ಎಂದು ಚಿಕ್ಕಮ್ಮನ ಕಡೆ ತಿರುಗಿ ಹೇಳಿದರು. ನಾನು ಹಿಗ್ಗುತ್ತಲೇ ರಿಕ್ಷಾ ಹತ್ತಿದೆ.

ನಮ್ಮ ಗಲ್ಲಿಯ ತುದಿಯಲ್ಲಿ ಒಬ್ಬ ಕಂಪೌಂಡರ್ ಇದ್ದ. ಡಾಕ್ಟರ್ ತೀರಿಕೊಂಡು ವರ್ಷಗಳಾಗಿದ್ದರೂ ಬೋರ್ಡಿನ ಕೆಳಗೆ ಕೂತೇ ಇದ್ದ. ಚಿಕ್ಕಪ್ಪ ದಿನಾ ಬೆಳಿಗ್ಗೆ ಅವನಲ್ಲಿಗೆ ಹೋಗತೊಡಗಿದರು. ಸೀಸೆಯಲ್ಲಿನ ಬಿಳಿಯ ಪುಡಿಗೆ ನೀರು ಬೆರೆಸಿ ಅಲ್ಲಾಡಿಸುವುದು, ಅದೇ ಸಿರಿಂಜಿಗೆ ಶಕ್ತಿಯದೆಂದು ಇನ್ನೊಂದು ಕೆಂಪು ಔಷಧಿ ಸೇರಿಸುವುದು, ಚಿಕ್ಕಪ್ಪ ಒಂದು ಶ್ಲೋಕ ಮುಗಿಸುವುದರೊಳಗೆ ನರಕ್ಕೆ ತಳ್ಳಿಬಿಡುವುದು. "ಏಕದಮ್ ಆರಾಮ್, ಪಂಡಿತ್‌ಜೀ" ಎನ್ನುತ್ತಿದ್ದ. ಆರಾಮವೂ ಆಯಿತು. ಉರಿ ನಿಂತಿತು. ಮಂತ್ರಕ್ಕೆ ಹಳೆಯ ಗಂಟಲು ಬಂತು. ಸಂಜೆಯ ಮೊಣಕಾಲಿನ ಗುಳಿಗೆ ಒಂದರಿಂದ ಎರಡಾಯಿತು, ಈಗ ಹೊಟ್ಟೆ ತಡೆಯುತ್ತದಲ್ಲ ಎಂಬ ಧೈರ್ಯದಲ್ಲಿ. ಮೊಣಕೈ ಬಳಿ ನರ ಕೆಂಪಗೆ ಊದಿದ್ದಕ್ಕೆ ಚಿಕ್ಕಮ್ಮ ಅರಿಸಿನ ಹಚ್ಚಿದರು.

ಇನ್ನೊಂದು ವಿಷಯ ಹೇಳಬೇಕು. ಮಡಿವಂತರ ಮನೆಯಲ್ಲಿ ಹೇಳಬಾರದ ವಿಷಯ, ಆದರೆ ಇದನ್ನು ಬಿಟ್ಟರೆ ಕಥೆಯೇ ಇಲ್ಲ. ಪಕ್ಷದ ಎರಡನೆಯ ವಾರದಲ್ಲಿ ಚಿಕ್ಕಪ್ಪನಿಗೆ ಮಲ ಕಪ್ಪಗೆ, ಡಾಂಬರಿನ ಹಾಗೆ ಆಗುತ್ತಿತ್ತು. ಅವರು ನೋಡಿದ್ದರು, ಹೆದರಲಿಲ್ಲ. ಶ್ರಾದ್ಧದ ಊಟದಲ್ಲಿ ದಿನಾ ಎಳ್ಳುಂಡೆ ಇರುತ್ತದೆ. "ಹದಿನೈದು ದಿನ ಕರಿ ಎಳ್ಳು ತಿಂದವನಿಗೆ ಇನ್ಯಾವ ಬಣ್ಣ ಬರಬೇಕು?" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರಂತೆ. ಆಸ್ಪತ್ರೆ ಸೇರುವ ತನಕ ಯಾರಿಗೂ ಹೇಳಲಿಲ್ಲ.

ಮಹಾಲಯ ಅಮಾವಾಸ್ಯೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ, ತುಮಕೂರಿನ ಒಂದು ಕುಟುಂಬಕ್ಕೆ ತರ್ಪಣ ಹೇಳಿಕೊಡುತ್ತಿದ್ದವರು ಎದ್ದು ನಿಂತರು, ಕಾಫಿ ಗಸಿಯಂಥದ್ದನ್ನು ವಾಂತಿ ಮಾಡಿಕೊಂಡು ಮೆಟ್ಟಿಲ ಮೇಲೆ ಕುಸಿದರು. ದೋಣಿಯವರೇ ಎತ್ತಿ ಆಟೋಕ್ಕೆ ಹಾಕಿದರು. ನಾನು ಆಸ್ಪತ್ರೆ ಸೇರುವ ಹೊತ್ತಿಗೆ ಅವರ ತುಟಿ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಎರಡು ಬಾಟಲಿ ರಕ್ತ ಕೊಟ್ಟರು. ಗಂಟಲಲ್ಲಿ ಕೊಳವೆ ಇಳಿಸಿ ನೋಡಿದರೆ ಹೊಟ್ಟೆಯಲ್ಲಿ ಹುಣ್ಣು, ಹುಣ್ಣಿನಿಂದ ರಕ್ತ.

ವಿಚಿತ್ರ ಏನೆಂದರೆ, ಅಲ್ಲಿಯೂ ಕೊಟ್ಟದ್ದು ಅದೇ ಬಿಳಿಯ ಪುಡಿಯ ಔಷಧಿ. ಆದರೆ ಅಲ್ಲಿನ ಸಿಸ್ಟರ್ ಮೊದಲು ಅಲರ್ಜಿ ಇದೆಯೇ ಎಂದು ಕೇಳಿದಳು, ಬೇರೆ ಏನೇನು ಗುಳಿಗೆ ನುಂಗುತ್ತೀರಿ ಎಂದು ಕೇಳಿ ಬರೆದುಕೊಂಡಳು. ಸೀಸೆಯ ತಾರೀಖು ಓದಿದಳು, ಪುಡಿ ಪೂರ್ತಿ ಕರಗಿದೆಯೇ ಎಂದು ಬೆಳಕಿಗೆ ಹಿಡಿದಳು. ಬೇರೆ ಯಾವುದನ್ನೂ ಬೆರೆಸದೆ, ಗೋಡೆಯ ಗಡಿಯಾರ ನೋಡುತ್ತಾ, ಅವಸರವಿಲ್ಲದೆ ತಳ್ಳಿದಳು. ಮೂರನೆಯ ದಿನ ಗಂಜಿ ಇಳಿದ ಮೇಲೆ ಡಾಕ್ಟರು ಸೂಜಿ ನಿಲ್ಲಿಸಿ ಗುಳಿಗೆಗೆ ಬದಲಾಯಿಸಿದರು. ಬಾಯಿಂದ ನುಂಗಲಾರದವರಿಗೆ, ರಕ್ತ ಹೋಗುತ್ತಿರುವವರಿಗೆ ಈ ಸೂಜಿ, ಅದೂ ಕೆಲವೇ ದಿನ ಎಂದರು. "ಔಷಧಿ ಕೆಟ್ಟದ್ದಲ್ಲ. ಯಾಕೆ ಉರೀತಿದೆ ಅಂತ ಯಾರೂ ಕೇಳದೆ ಉರಿ ಮಾತ್ರ ಮುಚ್ಚಿದ್ದು ಕೆಟ್ಟದ್ದು. ಒಳಗೆ ನೋವಿನ ಗುಳಿಗೆ ಹೊಟ್ಟೆ ಕೊರೀತಾನೇ ಇತ್ತು." ಅವರು ಇದನ್ನು ಹಿಂದಿಯಲ್ಲಿ ಹೇಳಿದರು, ನನಗೆ ಎಷ್ಟೋ ವರ್ಷದಿಂದ ಕನ್ನಡದಲ್ಲೇ ಕೇಳಿಸುತ್ತಿದೆ.

ಆಮೇಲೆ ಅವರು ಚಿಕ್ಕಪ್ಪನನ್ನು ಕೇಳಿದರು: ದಿನಾ ಸೂಜಿ ಹಾಕಿಸಿಕೊಳ್ಳಲು ನಿಮಗೆ ಹೇಳಿದವರು ಯಾರು?

ನಾನು ಮಂಚದ ಕಾಲಬಳಿ ನಿಂತಿದ್ದೆ. ಚಿಕ್ಕಪ್ಪ ನನ್ನ ಕಡೆ ನೋಡಲಿಲ್ಲ. "ಶಾಸ್ತ್ರ್ ಮೇಂ ಲಿಖಾ ಹೈ" ಎಂದರು. ಶಾಸ್ತ್ರದಲ್ಲಿ ಬರೆದಿದೆಯಂತೆ! ನಲವತ್ತು ವರ್ಷ ಶಾಸ್ತ್ರ ಹೇಳಿದ ಬಾಯಲ್ಲಿ ನಾನು ಕೇಳಿದ ಒಂದೇ ಒಂದು ಸುಳ್ಳು. ನನಗೆ ನಾಚಿಕೆಯಾಯಿತು. ಆದರೂ ಸುಮ್ಮನಿದ್ದೆ.

ಅವರು ಬದುಕಿದರು. ಆ ಔಷಧಿಯ ಖಾಲಿ ಸೀಸೆಯೊಂದನ್ನು ಸಿಸ್ಟರ್ ಹತ್ತಿರ ಕೇಳಿ ತಂದು, ತೊಳೆದು, ತರ್ಪಣದ ಎಳ್ಳು ತುಂಬಿದರು. ಮುಂದಿನ ಪಕ್ಷಗಳಲ್ಲಿ ಹಲಗೆಯ ಮೇಲೆ ಕೂತು, ಯಾತ್ರಿಕರ ಎದುರಿಗೇ ಗುಳಿಗೆ ನುಂಗಿ, ಲೋಟ ನೀರು ಕುಡಿದು, "ಔಷಧಿಗೆ ದೋಷವಿಲ್ಲ. ಕಪ್ಪು ಕಂಡ್ರೆ ಡಾಕ್ಟರಿಗೆ ಹೇಳಿ, ಎಳ್ಳಿನ ಮೇಲೆ ಹಾಕಬೇಡಿ" ಎನ್ನುತ್ತಿದ್ದರು. ಯಾತ್ರಿಕರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಹೋದ ವರ್ಷ, ಬೇರೆಯೇ ಕಾಯಿಲೆಯಲ್ಲಿ ತೀರಿಕೊಂಡರು.

ಈಗ ನನ್ನ ಸರದಿ. ಹೋದ ತಿಂಗಳು ನನಗೂ ಉರಿ. ಅಸ್ಸಿ ಘಾಟಿನ ಒಂದು ಔಷಧಿ ಅಂಗಡಿಯಲ್ಲಿ "ಗ್ಯಾಸ್ ಕೀ ಸೂಈ ಲಗಾ ದೇಂ?", ಗ್ಯಾಸಿಗೆ ಸೂಜಿ ಹಾಕಲೇ, ಎಂದು ಕೇಳಿದವನಿಗೆ ಡಾಕ್ಟರ ಚೀಟಿ ಬೇಡವೇ, ಯಾವ ಔಷಧಿ, ಎಷ್ಟು ನಿಮಿಷದಲ್ಲಿ ಕೊಡುತ್ತೀರಿ ಎಂದೆಲ್ಲ ವಿಚಾರಿಸಿದೆ. ಅವನಿಗೆ ಸಿಟ್ಟು ಬಂತು. ನಾನು ಎದ್ದು ಡಾಕ್ಟರಲ್ಲಿಗೆ ಹೋದೆ. ಸಣ್ಣ ಹುಣ್ಣು, ದಿನಾ ಬೆಳಿಗ್ಗೆ ಒಂದು ಗುಳಿಗೆ, ತಪ್ಪಿಸಬಾರದು.

ಇವತ್ತು ತಪ್ಪಿದೆ. ಗಂಟೆ ಹನ್ನೊಂದು, ಪುರೋಹಿತರು ಇನ್ನೂ ಬಂದಿಲ್ಲ, ಹೊಟ್ಟೆ ಉರಿಯುತ್ತಿದೆ. ಸೀಸೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ:

"ಚಿಕ್ಕಮ್ಮ, ಆ ಸೂಜಿಯ ಶಾಸ್ತ್ರ ಹೇಳಿದ್ದು ನಾನು."

ಚಿಕ್ಕಮ್ಮ ಉಂಡೆ ಕಟ್ಟುವುದನ್ನು ನಿಲ್ಲಿಸಲಿಲ್ಲ. "ನಾನಲ್ಲೇ ಇದ್ದೆನಲ್ಲೇ ಅವತ್ತು, ಮರೆತ್ಯಾ? ಬೇಡ ಅನ್ನಬಹುದಿತ್ತು, ನಾನೂ ನಕ್ಕೆ" ಎಂದರು.

ಅದು ನನಗೆ ಹೊಳೆದೇ ಇರಲಿಲ್ಲ. ಎಂಟು ವರ್ಷ ಈ ತಪ್ಪು ನನ್ನೊಬ್ಬಳದೇ ಎಂದುಕೊಂಡಿದ್ದೆ.

ಚಿಕ್ಕಮ್ಮ ಎಡಗೈಯಿಂದ ಲೋಟ ಮುಂದೆ ತಳ್ಳಿದರು. "ಗುಳಿಗೆ ನುಂಗು. ಅವರಿಗೆ ಆಮೇಲೆ ನೀರು ಬಿಟ್ಟರಾಯ್ತು."

ನುಂಗಿದೆ. ಲೋಟದ ನೀರನ್ನು ಪೂರ್ತಿ ಕುಡಿದೆ.